ನೀರಿನ ಅಂಚಿಗೆ ಎಲ್ಲರೂ ಹೋಗುವಂತಾಗಲಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ. ಭಾಷಣಕಾರರು ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್.)



ಕಂಪ್ಯೂಟರ್ ಕ್ಷೇತ್ರದ ಬಗ್ಗೆ, ಕೆಲಸ ಸಿಗುವ ದಾರಿಯ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಮೇಷ್ಟ್ರು ಫೋನ್ ಮಾಡಿದ್ದರು. ಆ ವಿಷಯ ಹೇಳುವವರು ಇವತ್ತು ಈ ವೇದಿಕೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ಹಾಗಾಗಿ ಮೇಷ್ಟ್ರ ಅನುಮತಿ ಪಡೆದು ಬೇರೊಂದು ವಿಷಯ ಆರಿಸಿಕೊಂಡಿದ್ದೇನೆ. ಭಾನುವಾರ ಸಂಜೆ ಮನೆಮಂದಿಯೆಲ್ಲ ಸೇರಿ ಮರದ ನೆರಳಿಗೆ, ನೀರಿನ ಬದಿಗೆ ಹೋಗಿ ಒಂದೆರಡು ಗಂಟೆ ಕೂತು ಬರುವುದು. ಇಷ್ಟೇ ವಿಷಯ. ಚಿಕ್ಕದಾಗಿ ಕಾಣುತ್ತದೆ. ಆದರೆ 'ಮನೆಮಂದಿಯೆಲ್ಲ' ಅನ್ನುವ ಮಾತಿನಲ್ಲಿ ಎಷ್ಟು ಜನ ಬಿಟ್ಟುಹೋಗುತ್ತಾರೆ ಎಂದು ಎಣಿಸಲು ಶುರು ಮಾಡಿದರೆ ದೊಡ್ಡದಾಗುತ್ತದೆ.

ಮೊದಲು ನಮ್ಮ ಬಡಾವಣೆಯ ನೀರಿನ ಮಾತು. ಸಮಾಜ ವಿಜ್ಞಾನದ ತರಗತಿಯಲ್ಲಿ ನಾವೆಲ್ಲ ಓದಿದ್ದೇವೆ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಕಡೆಗೆ ಹೋಗುತ್ತದೆ, ಪಶ್ಚಿಮಕ್ಕೆ ಬಿದ್ದದ್ದು ಅರ್ಕಾವತಿಯ ಕಡೆಗೆ. ಪಶ್ಚಿಮದ ಆ ಕಣಿವೆಯೇ ನಮ್ಮದು, ವೃಷಭಾವತಿ ಕಣಿವೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿದ್ದಕ್ಕೆ ಹೊಳೆಗೆ ಆ ಹೆಸರು ಬಂತು ಎನ್ನುತ್ತಾರೆ. ಮಲ್ಲೇಶ್ವರದ ನಂದಿತೀರ್ಥದ ಕಡೆಯಿಂದಲೂ ಒಂದು ಕವಲು ಇದೆ ಎನ್ನುವುದುಂಟು. ಅದು ಗಾಳಿ ಆಂಜನೇಯನ ಗುಡಿಯನ್ನು ಬಳಸಿ, ನಮ್ಮ ಬಾಪೂಜಿ ನಗರದ ಪಕ್ಕದಲ್ಲಿ ಮೈಸೂರು ರಸ್ತೆಗುಂಟ ಹರಿದು, ನಾಯಂಡಹಳ್ಳಿ, ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗುತ್ತದೆ. ಮುಂದೆ ಅರ್ಕಾವತಿ, ಅಲ್ಲಿಂದ ಸಂಗಮದಲ್ಲಿ ಕಾವೇರಿ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪಂಪ್ ಆಗಿ ನಮ್ಮ ನಲ್ಲಿಗೆ ಬರುವ ಕಾವೇರಿ ನೀರು, ನಮ್ಮ ಬಚ್ಚಲಿನಿಂದ ಇಳಿದು ಇದೇ ದಾರಿಯಲ್ಲಿ ಮತ್ತೆ ಕಾವೇರಿಗೆ ಸೇರುತ್ತದೆ.

ಹುಡುಗರಾಗಿದ್ದಾಗ ನಮ್ಮಲ್ಲಿ ಯಾರೂ ಅದನ್ನು ವೃಷಭಾವತಿ ಅಂದವರಲ್ಲ. 'ಕೆಂಗೇರಿ ಮೋರಿ' ಅಂದರೆ ಎಲ್ಲರಿಗೂ ಗೊತ್ತು. ಬಸ್ಸಿನಲ್ಲಿ ಹೋಗುವಾಗ ಮೂಗು ಮುಚ್ಚಿಕೊಂಡರೆ ಸ್ಟಾಪ್ ಬಂತು ಅಂತ ಲೆಕ್ಕ. ನಮ್ಮಜ್ಜಿ ಮಾತ್ರ ಕೊನೆಯವರೆಗೂ ಅದನ್ನು 'ಹೊಳೆ' ಅಂತಲೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಅವರು ಅಲ್ಲಿ ಬಟ್ಟೆ ಒಗೆದಿದ್ದರಂತೆ. ನಾವು ನಗುತ್ತಿದ್ದೆವು. ಒಂದೇ ಮನೆಯಲ್ಲಿ ಎರಡು ತಲೆಮಾರಿನೊಳಗೆ ಹೊಳೆ ಮೋರಿಯಾಯಿತು. ಮನೆಯ ಪಕ್ಕದಲ್ಲೇ ಹರಿಯುವ ನೀರಿಗೆ ಬೆನ್ನು ಹಾಕಿ, ನೀರು ನೋಡಲು ನಾವು ಶ್ರೀರಂಗಪಟ್ಟಣಕ್ಕೆ ಬಸ್ಸು ಹತ್ತುವವರಾದೆವು.

ಬಸ್ಸು ಹತ್ತಬಲ್ಲವರು ಹತ್ತಿದರು. ಹತ್ತಲಾಗದವರ ಗತಿ ಏನು? ನನಗೆ ಈ ಪ್ರಶ್ನೆ ಎದುರಾದದ್ದು ನಮ್ಮಪ್ಪನಿಂದ. ಅಪ್ಪ ಮೈಸೂರು ರಸ್ತೆಯ ಒಂದು ಲೇಥ್ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ನಿಂತೇ ಕೆಲಸ ಮಾಡಿದವರು. ನಿವೃತ್ತಿಯಾದ ಮೇಲೆ ಲಕ್ವ ಹೊಡೆದು ಎಡಗಾಲು, ಎಡಗೈ ಸ್ವಾಧೀನ ತಪ್ಪಿತು. ಔಷಧಿ, ವ್ಯಾಯಾಮ ಎಲ್ಲ ಆಯಿತು. ಮಾತು ಮರಳಿತು, ನಡಿಗೆ ಮರಳಲಿಲ್ಲ. ವೀಲ್‌ಚೇರ್ ಬಂತು. ನಮ್ಮ ಮನೆ ಎರಡನೇ ಅಡ್ಡರಸ್ತೆಯಲ್ಲಿ ನೆಲಮಾಳಿಗೆ ಮಟ್ಟದಲ್ಲೇ ಇರುವುದರಿಂದ ಬಾಗಿಲಿನವರೆಗೆ ತೊಂದರೆಯಿಲ್ಲ. ಬಾಗಿಲಾಚೆಗೆ ಎಲ್ಲ ತೊಂದರೆಯೇ. ಹೀಗೆ ಅವರು ತಿಂಗಳುಗಟ್ಟಲೆ ಕಿಟಕಿಯ ಪಕ್ಕ ಕೂತರು. ಮೊಮ್ಮಗಳಿಗೆ ಆಗ ಐದು ವರ್ಷ. "ತಾತ ಯಾಕೆ ಪಾರ್ಕಿಗೆ ಬರಲ್ಲ?" ಅಂತ ಪ್ರತಿ ಭಾನುವಾರ ಕೇಳುತ್ತಿದ್ದಳು.

ಒಂದು ಭಾನುವಾರ ಎಲ್ಲರೂ ಹೊರಟೆವು. ನಗರದ ಪಶ್ಚಿಮದಲ್ಲೇ ಇರುವ ಒಂದು ಕೆರೆ ಉದ್ಯಾನ, ಹೆಸರು ಬೇಡ. ವೀಲ್‌ಚೇರ್ ಮಡಚಿ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆವು. ಗೇಟಿನ ಬಳಿ ನಿಲ್ಲಬೇಕಾಯಿತು. ಸ್ಕೂಟರ್, ದನ ಒಳಗೆ ನುಗ್ಗದಿರಲಿ ಎಂದು ಗೇಟಿಗೆ ಅಡ್ಡಡ್ಡ ಕಬ್ಬಿಣದ ಕಂಬಿ ನೆಟ್ಟಿದ್ದರು. ಮನುಷ್ಯ ಓರೆಯಾಗಿ ನುಸುಳಬಹುದು, ಗಾಲಿ ಕುರ್ಚಿ ನುಸುಳದು. ವಾಹನ ಹೋಗುವ ದೊಡ್ಡ ಗೇಟಿಗೆ ಬೀಗ. ಬೀಗದ ಕೈ ಇದ್ದವರು ಊಟಕ್ಕೆ ಹೋಗಿದ್ದರು. ಕೊನೆಗೆ ನಾನು, ಅಲ್ಲೇ ಸೌತೆಕಾಯಿ ಮಾರುತ್ತಿದ್ದವರು, ವಾಕಿಂಗ್ ಬಂದಿದ್ದ ಒಬ್ಬರು ಸೇರಿ ಅಪ್ಪನನ್ನು ಕುರ್ಚಿಸಮೇತ ಎತ್ತಿ ಕಂಬಿ ದಾಟಿಸಿದೆವು. ಒಳಗೆ ಹೋದ ಮೇಲೆ ನೀರು ಚೆನ್ನಾಗಿತ್ತು, ಬೆಳ್ಳಕ್ಕಿಗಳಿದ್ದವು, ಮಗಳು ಕುಣಿದಳು. ಅಪ್ಪ ಮಾತ್ರ ಸುಮ್ಮನಿದ್ದರು. ಮನೆಗೆ ಬಂದ ಮೇಲೆ ಅಂದರು: "ಮೂಟೆ ಥರ ಎತ್ಕೊಂಡು ಹೋಗೋದಾದ್ರೆ ನನಗೆ ಬೇಡಪ್ಪ."

ಆ ಮಾತನ್ನು ನಾನು ನಮ್ಮ ವೃತ್ತಿಯ ಭಾಷೆಗೆ ಹಾಕಿ ನೋಡಿದೆ. ಸಾಫ್ಟ್‌ವೇರ್‌ನಲ್ಲಿ ನಾವು ಒಂದು ಪುಟ ಮಾಡಿದರೆ ಕಣ್ಣು ಕಾಣದವರು ಅದನ್ನು ಧ್ವನಿಯ ಮೂಲಕ ಬಳಸಬಲ್ಲರೇ, ಮೌಸ್ ಹಿಡಿಯಲಾಗದವರು ಬರೀ ಕೀಲಿಮಣೆಯಿಂದ ನಡೆಸಬಲ್ಲರೇ ಎಂದು ಪರೀಕ್ಷೆ ಮಾಡುತ್ತೇವೆ. ಹತ್ತು ಹೆಜ್ಜೆಗಳಲ್ಲಿ ಒಂಬತ್ತು ಸರಿಯಿದ್ದು ಒಂದು ಕೈಕೊಟ್ಟರೂ ಕೆಲಸ ಮುಗಿಯುವುದಿಲ್ಲ. ಆಗ ಅದು ಶೇಕಡಾ ತೊಂಬತ್ತು ಪಾಸಲ್ಲ, ಆ ಬಳಕೆದಾರನಿಗೆ ಪೂರ್ತಿ ಫೇಲು. ಉದ್ಯಾನವೂ ಹಾಗೆಯೇ. ಮನೆಯ ಬಾಗಿಲಿನಿಂದ ನೀರಿನ ಅಂಚಿನವರೆಗೆ ಅದು ಒಂದು ಸರಪಳಿ. ರಸ್ತೆ, ವಾಹನ, ಗೇಟು, ದಾರಿ, ಕೂರುವ ಜಾಗ, ಶೌಚಾಲಯ, ಮತ್ತೆ ಮನೆಗೆ ವಾಪಸ್ಸು. ಕೋಟಿ ರೂಪಾಯಿ ಖರ್ಚು ಮಾಡಿ ಕೆರೆ ಹೂಳೆತ್ತಿ, ದಂಡೆಗೆ ಕಲ್ಲು ಕಟ್ಟಿ, ದೀಪ ಹಾಕಿದರೂ ಗೇಟಿನ ಕಂಬಿಗಳ ಸಂದು ಒಂದಡಿ ಕಿರಿದಾದರೆ ಅಪ್ಪನಂಥವರಿಗೆ ಅಲ್ಲಿ ಕೆರೆಯೇ ಇಲ್ಲ.

ಅಪ್ಪನಂಥವರು ಎಷ್ಟು ಜನ? 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಅಂಗವಿಕಲರೆಂದು ಲೆಕ್ಕಕ್ಕೆ ಸಿಕ್ಕವರು 13.24 ಲಕ್ಷ. ಮಂಡಿನೋವಿನ ಅಜ್ಜಿಯರು ಆ ಲೆಕ್ಕದಲ್ಲಿಲ್ಲ. ತಳ್ಳುಗಾಡಿಯಲ್ಲಿ ಕೂಸು ತಳ್ಳುವ ತಾಯಂದಿರಿಲ್ಲ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗನಿಲ್ಲ, ತುಂಬು ಗರ್ಭಿಣಿಯಿಲ್ಲ. ಇವರಿಗೆಲ್ಲ ಬೇಕಾದದ್ದು ಹೆಚ್ಚುಕಡಿಮೆ ಒಂದೇ: ಸಮತಟ್ಟಾದ ದಾರಿ, ಅಗಲವಾದ ಗೇಟು, ಅಲ್ಲಲ್ಲಿ ಬೆಂಚು, ಹತ್ತಿರದಲ್ಲಿ ಶೌಚಾಲಯ. ಇವತ್ತು ಇಲ್ಲಿ ಗಟ್ಟಿಯಾಗಿ ಕೂತಿರುವ ನಾವೆಲ್ಲ ಒಂದಲ್ಲ ಒಂದು ದಿನ ಆ ಸಾಲಿಗೆ ಸೇರುವವರೇ.

ಬರೀ ದೂರು ಹೇಳಿ ಹೋಗುವುದು ನನಗೆ ಇಷ್ಟವಿಲ್ಲ. ಇದೇ ಊರಿನಲ್ಲಿ ಸರಪಳಿ ಕೂಡಿಕೊಂಡ ಕಡೆಗಳೂ ಇವೆ. ನೇರಳೆ ಮಾರ್ಗದ ಮೆಟ್ರೊ ಮೈಸೂರು ರಸ್ತೆಯವರೆಗೆ ಬಂದದ್ದು 2015ರ ನವೆಂಬರಿನಲ್ಲಿ, ಕೆಂಗೇರಿಯವರೆಗೆ ಹೋದದ್ದು 2021ರಲ್ಲಿ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ರೈಲಿನ ನೆಲ ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ಇದೆ. ದೀಪಾಂಜಲಿನಗರದಲ್ಲಿ ಹತ್ತಿದರೆ ಎಲ್ಲೂ ರೈಲು ಬದಲಿಸದೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದು. 'ಬೇಡಪ್ಪ' ಅಂದಿದ್ದ ಅಪ್ಪನನ್ನು ಒಪ್ಪಿಸಿ ಹಾಗೆ ಕರೆದುಕೊಂಡು ಹೋದೆವು. ಎತ್ತುವ ಪ್ರಮೇಯ ಬರಲಿಲ್ಲ. 1870ರಲ್ಲಿ ಶುರುವಾದ ಆ ಉದ್ಯಾನದ ಬಿದಿರ ಮೆಳೆಯ ಕೆಳಗೆ ಮೊಮ್ಮಗಳು ತಾತನ ಕುರ್ಚಿ ತಳ್ಳಿದಳು. ಇಡೀ ಪ್ರಯಾಣದಲ್ಲಿ ಅತಿ ಕಷ್ಟದ ತುಂಡು ಯಾವುದು ಗೊತ್ತೇ? ನಮ್ಮ ಮನೆಯಿಂದ ನಿಲ್ದಾಣದವರೆಗಿನ ಫುಟ್‌ಪಾತ್. ಅಷ್ಟು ದೂರ ಕುರ್ಚಿಯನ್ನು ರಸ್ತೆಯಲ್ಲೇ ತಳ್ಳಿದೆವು, ಹಿಂದೆ ಹಾರನ್ ಹೊಡೆಯುತ್ತಿದ್ದರು.

ಇನ್ನೊಂದು ಉದಾಹರಣೆ ನಮಗೆ ಇನ್ನೂ ಹತ್ತಿರದ್ದು, ರಾಜಾಜಿನಗರದ ಕಡೆಯ ಗಾಯತ್ರಿದೇವಿ ಪಾರ್ಕ್. ವಿಶೇಷ ಅಗತ್ಯವಿರುವ ಮಕ್ಕಳ ತಂದೆತಾಯಂದಿರು ಕಟ್ಟಿದ 'ಕಿಲಿಕಿಲಿ' ಎಂಬ ಸಂಸ್ಥೆ ಪಾಲಿಕೆಯ ಜೊತೆ ಸೇರಿ, ಎಲ್ಲ ಮಕ್ಕಳೂ ಒಟ್ಟಿಗೆ ಆಡುವಂಥ ಆಟದ ಜಾಗ ಮಾಡಿಸಿತು. ಮೊದಲು ಕೋಲ್ಸ್ ಪಾರ್ಕಿನಲ್ಲಿ, ಆಮೇಲೆ ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ, ಇಲ್ಲಿ ಗಾಯತ್ರಿದೇವಿ ಪಾರ್ಕಿನಲ್ಲಿ. ನನಗೆ ಇದರಲ್ಲಿ ಹಿಡಿಸಿದ್ದು ಒಂದು ಅಂಶ. ಅಂಗವಿಕಲ ಮಕ್ಕಳಿಗೆ ಪ್ರತ್ಯೇಕ ಮೂಲೆ ಮಾಡಿ ಕೂರಿಸಲಿಲ್ಲ. ಇದ್ದ ಪಾರ್ಕನ್ನೇ ಎಲ್ಲರಿಗೂ ಆಗುವಂತೆ ತಿದ್ದಿದರು. ಕೇಳಿದವರು ಯಾರು? ತಂದೆತಾಯಂದಿರು. ಯಾರೋ ಮೇಲಿನಿಂದ ಕೊಡಲಿ ಎಂದು ಕಾದು ಕೂತಿದ್ದರೆ ಇದು ಆಗುತ್ತಿರಲಿಲ್ಲ.

ಈಗ ಸ್ವಲ್ಪ ದೂರದ ಮಾತು. ಕಂಪನಿ ಕೆಲಸದ ಮೇಲೆ ಎರಡು ವರ್ಷ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿದ್ದೆ. ಊರಿನ ಉತ್ತರ ಬಡಾವಣೆಗಳ ನಡುವೆ ಮೆರ್ರಿ ಕ್ರೀಕ್ ಎಂಬ ಹಳ್ಳ ಹರಿದು ಯಾರಾ ನದಿಗೆ ಸೇರುತ್ತದೆ. ದಡದುದ್ದಕ್ಕೂ ಇಪ್ಪತ್ತು ಕಿಲೋಮೀಟರಿನಷ್ಟು ಕಾಲುದಾರಿ. ಭಾನುವಾರ ಅಲ್ಲಿ ಎಲ್ಲರೂ ಇರುತ್ತಾರೆ: ಸೈಕಲ್ಲಿನವರು, ಕೂಸಿನ ಗಾಡಿಯವರು, ಗಾಲಿಕುರ್ಚಿಯವರು, ನಾಯಿ ಹಿಡಿದ ಮುದುಕರು. ನೋಡಿದವರಿಗೆ ಮೊದಲಿನಿಂದ ಹೀಗೇ ಇತ್ತೇನೋ ಅನ್ನಿಸುತ್ತದೆ. ಹಾಗೇನಿಲ್ಲ. ಅದರ ದಡದಲ್ಲಿ ಕಲ್ಲುಗಣಿಗಳಿದ್ದವು, ಕಸದ ಗುಂಡಿಗಳಿದ್ದವು, ಕಾರ್ಖಾನೆಯ ಹೊಲಸು ನೀರು ಅದಕ್ಕೇ ಬೀಳುತ್ತಿತ್ತು. ಅವರದ್ದೂ ಒಂದು ಕಾಲಕ್ಕೆ ಕೆಂಗೇರಿ ಮೋರಿಯೇ. ಸುತ್ತಲಿನ ನಿವಾಸಿಗಳು ಪಟ್ಟು ಹಿಡಿದರು. 1982ರಲ್ಲಿ ಹಳೆಯ ಗಣಿ ಮತ್ತು ಕಸದ ಜಾಗವೊಂದರಲ್ಲಿ ಸೀರಿಸ್ ಎಂಬ ಸಮುದಾಯ ತೋಟ ಎದ್ದಿತು. 1989ರಲ್ಲಿ ಹಳ್ಳದ ಉದ್ದಕ್ಕೂ ಇರುವ ಸ್ಥಳೀಯ ಆಡಳಿತಗಳು ಮತ್ತು ನಿವಾಸಿಗಳ ಗುಂಪುಗಳು ಸೇರಿ ಒಂದು ನಿರ್ವಹಣಾ ಸಮಿತಿ ಮಾಡಿಕೊಂಡವು. ಇದನ್ನು ನೆನಪಿಡಿ. ನೀರು ವಾರ್ಡಿನ ಗಡಿ ನೋಡಿ ನಿಲ್ಲುವುದಿಲ್ಲ, ಹಾಗಾಗಿ ಅದನ್ನು ನೋಡಿಕೊಳ್ಳುವ ಸಮಿತಿಯೂ ಒಂದು ವಾರ್ಡಿನದ್ದಾದರೆ ಸಾಲದು.

ಅಲ್ಲೂ ಎಲ್ಲ ಸರಿಯಿಲ್ಲ. ಆ ದಾರಿಯ ಕೆಲವು ಕಡೆ ಏರು ಜಾಸ್ತಿ, ಕುರ್ಚಿ ತಳ್ಳುವವರಿಗೆ ಉಬ್ಬಸ ಬರುತ್ತದೆ. ಮಳೆ ಜೋರಾದರೆ ತಗ್ಗಿನ ಭಾಗ ಮುಳುಗುತ್ತದೆ. ಆದರೆ ಆ ರಾಜ್ಯದ ಒಂದು ವ್ಯವಸ್ಥೆ ನನ್ನ ಕಣ್ಣು ತೆರೆಸಿತು. ದೊಡ್ಡವರಿಗೆ ಬಟ್ಟೆ ಬದಲಿಸಲು ಮಂಚ, ಮೇಲೆತ್ತಿ ಕೂರಿಸುವ ಯಂತ್ರ ಇರುವ 'ಚೇಂಜಿಂಗ್ ಪ್ಲೇಸಸ್' ಎಂಬ ಶೌಚಾಲಯಗಳನ್ನು ಕೆಲವು ಸಾರ್ವಜನಿಕ ಸ್ಥಳಗಳಲ್ಲಿ ಕಟ್ಟಿಸಿದ್ದಾರೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಇದರ ಬೆಲೆ ಗೊತ್ತು. ಎಷ್ಟೋ ಮನೆಗಳಲ್ಲಿ ಹಿರಿಯರು ಹೊರಗೆ ಬರಲು ಒಪ್ಪದಿರುವುದಕ್ಕೆ ಕಾಲುನೋವು ಕಾರಣವಾಗಿರುವುದಿಲ್ಲ. 'ಅಲ್ಲಿ ಬಚ್ಚಲಿಗೆ ಹೋಗಬೇಕಾದರೆ ಏನು ಮಾಡಲಿ' ಎಂಬ ಅಂಜಿಕೆ, ಬಾಯಿಬಿಟ್ಟು ಹೇಳಲಾಗದ ಅಂಜಿಕೆ.

ದಕ್ಷಿಣ ಕೊರಿಯದ ರಾಜಧಾನಿ ಸೋಲ್‌ನಲ್ಲಿ ಚೊಂಗ್ಗೆಚಾನ್ ಎಂಬ ಹಳ್ಳದ ಮೇಲೆ ಮೇಲ್ಸೇತುವೆ ಕಟ್ಟಿದ್ದರು. ಅದನ್ನು ಕೆಡವಿ, ಸುಮಾರು 5.8 ಕಿಲೋಮೀಟರ್ ಹಳ್ಳವನ್ನು ಮತ್ತೆ ಬೆಳಕಿಗೆ ತಂದು 2005ರಲ್ಲಿ ತೆರೆದರು. ಜಗತ್ತೇ ಹೊಗಳಿತು. ಆದರೆ ನೀರಿನ ಹತ್ತಿರ ಇಳಿಯಲು ನಮಗೆ ದಾರಿ ಸಾಲದು ಎಂದು ಅಲ್ಲಿನ ಅಂಗವಿಕಲರ ಸಂಘಟನೆಗಳು ಆಕ್ಷೇಪ ಎತ್ತಿದವು. ಕಟ್ಟಿದ ಮೇಲೆ ತಿದ್ದುವುದಕ್ಕಿಂತ ನಕ್ಷೆಯಲ್ಲೇ ತಿದ್ದುವುದು ಸುಲಭ, ಅಗ್ಗ. ಸಾಫ್ಟ್‌ವೇರಿನಲ್ಲೂ ನಮ್ಮ ಅನುಭವ ಅದೇ.

ನಮ್ಮೂರಲ್ಲೂ ನಕ್ಷೆಗಳು ತಯಾರಾಗುತ್ತಿರುವ ಕಾಲ ಇದು. ಕೋರಮಂಗಲ ಕಣಿವೆಯ ಕೆ-100 ರಾಜಕಾಲುವೆಯನ್ನು ಶಾಂತಿನಗರ, ಕೋರಮಂಗಲದ ಕಡೆ ಜನ ನಡೆದಾಡುವ ಜಲಮಾರ್ಗ ಮಾಡುವ ಕೆಲಸ 2021ರಲ್ಲಿ ಶುರುವಾಯಿತು. ಕೊಳಚೆಯನ್ನು ಬೇರೆ ಕೊಳವೆಗೆ ತಿರುಗಿಸುವುದು, ಶುದ್ಧೀಕರಿಸಿದ ನೀರನ್ನು ಹರಿಸುವುದು, ದಡದಲ್ಲಿ ಕಾಲುದಾರಿ. ಇಂದಲ್ಲ ನಾಳೆ ವೃಷಭಾವತಿಗೂ ಅಂಥ ಸರದಿ ಬರಲೇಬೇಕು. ಬಂದಾಗ ನಾವು ಕೇಳಬೇಕಾದದ್ದೇನು ಎಂಬುದನ್ನು ಈಗಲೇ ತಿಳಿದಿರೋಣ.

ಮೊದಲು ಕೊಳಚೆ ನಿಲ್ಲಬೇಕು, ಆಮೇಲೆ ಕಾಲುದಾರಿ. ವಾಸನೆಯ ಪಕ್ಕದಲ್ಲಿ ಟೈಲ್ಸ್ ಹಾಕಿ ಬೆಂಚಿಟ್ಟರೆ ಯಾರೂ ಕೂರುವುದಿಲ್ಲ. ಶುದ್ಧೀಕರಿಸಿದ ನೀರು ಕೂರುವಂತಿರುತ್ತದೆಯೇ ಎಂದು ಅನುಮಾನವಿದ್ದವರು ಜಕ್ಕೂರು ಕೆರೆಗೆ ಹೋಗಿ ನೋಡಿ. ಅಲ್ಲಿ ಘಟಕದಿಂದ ಹೊರಬಂದ ನೀರು ಜೊಂಡಿನ ಜೌಗಿನ ಮೂಲಕ ಸೋಸಿ ಕೆರೆಗೆ ಸೇರುತ್ತದೆ, ಹಕ್ಕಿಗಳೂ ಬರುತ್ತವೆ, ಮೀನುಗಾರರೂ ಇದ್ದಾರೆ. ಎರಡನೆಯದು ನೆರೆ. ಜೋರು ಮಳೆಗೆ ವೃಷಭಾವತಿ ಉಕ್ಕಿ ಗಾಳಿ ಆಂಜನೇಯನ ಗುಡಿಗೆ ನೀರು ನುಗ್ಗಿದ್ದನ್ನು ನಾವು ನೋಡಿದ್ದೇವೆ. ನಿಧಾನವಾಗಿ ನಡೆಯುವವರ ದಾರಿ ನೆರೆಯ ಮಟ್ಟಕ್ಕಿಂತ ಮೇಲಿರಬೇಕು, ಬೇಗ ಹೊರಬರುವಂತಿರಬೇಕು. ಮೂರನೆಯದು ನಾನು ಹೇಳಿದ ಸರಪಳಿ: ಮೆಟ್ರೊ ನಿಲ್ದಾಣದಿಂದ ದಡದವರೆಗೆ ಮುರಿಯದ ಫುಟ್‌ಪಾತ್.

ಕೇಳುವುದಕ್ಕೆ ಹಕ್ಕಿದೆಯೇ? ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಅದರ 29ನೇ ಕಲಮು ಸಂಸ್ಕೃತಿ ಮತ್ತು ಮನರಂಜನೆಯ ಬಗ್ಗೆ. ಎಲ್ಲರಂತೆ ವಿಹಾರದಲ್ಲಿ ಪಾಲ್ಗೊಳ್ಳುವುದೂ ಹಕ್ಕು ಎಂದು ಅದು ಒಪ್ಪುತ್ತದೆ. ಆಸ್ಪತ್ರೆಗೆ, ಬ್ಯಾಂಕಿಗೆ ಹೋಗಲು ರ‍್ಯಾಂಪ್ ಕೇಳಿದರೆ ಯಾರೂ ನಗುವುದಿಲ್ಲ. ಕೆರೆಯ ದಡಕ್ಕೆ ರ‍್ಯಾಂಪ್ ಕೇಳಿದರೆ 'ಇವರಿಗೆ ಅದೂ ಬೇಕಾ' ಅನ್ನುವವರಿದ್ದಾರೆ. ಬೇಕು. ಔಷಧಿ ಎಷ್ಟು ಬೇಕೋ ಸಂಜೆಯ ಗಾಳಿಯೂ ಅಷ್ಟೇ ಬೇಕು.

ವಿದ್ಯಾರ್ಥಿಗಳೇ, ಈಗ ನಿಮ್ಮ ಲೆಕ್ಕ. ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು ಎಂಬುದು ನಿಯಮ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಹತ್ತನೇ ತರಗತಿಯ ತ್ರಿಕೋನಮಿತಿಯಲ್ಲಿ ಟ್ಯಾನ್ ಕೋನ 1/12 ಬಂದರೆ ಕೋನ ಎಷ್ಟು? ಐದು ಡಿಗ್ರಿಗಿಂತ ಸ್ವಲ್ಪ ಕಡಿಮೆ. ಎಷ್ಟೋ ಕಡೆ ಸ್ಕೂಟರ್ ಹತ್ತಿಸಲು ಸಿಮೆಂಟು ಮೆತ್ತಿ ಅದನ್ನೇ ರ‍್ಯಾಂಪ್ ಅನ್ನುತ್ತಾರೆ. ಅದರಲ್ಲಿ ಕುರ್ಚಿ ಇಳಿಸಿದರೆ ಕೂತವರು ಮುಂದಕ್ಕೆ ಬೀಳುತ್ತಾರೆ. ಗೇಟಿನ ಸಂದು 90 ಸೆಂಟಿಮೀಟರ್ ಇರಬೇಕು. ಕುರ್ಚಿ ತಿರುಗಿಸಲು ಒಂದೂವರೆ ಮೀಟರ್ ಅಡ್ಡಗಲದ ಜಾಗ ಬೇಕು. ಶೌಚಾಲಯದಲ್ಲಿ ಹಿಡಿದುಕೊಳ್ಳಲು ಕಂಬಿ ಬೇಕು. ಇದಕ್ಕೆಲ್ಲ ಒಂದು ಅಳತೆ ಟೇಪು, ಒಂದು ನೋಟ್‌ಬುಕ್ಕು ಸಾಕು.

ನನ್ನ ಸಲಹೆ ಹೀಗಿದೆ. ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. ಪ್ರತಿವರ್ಷ ಆ ವಾರ ನಮ್ಮ ಶಾಲೆಯ ಮಕ್ಕಳು ಐದೈದು ಜನರ ತಂಡವಾಗಿ, ಒಬ್ಬೊಬ್ಬ ಹಳೆಯ ವಿದ್ಯಾರ್ಥಿಯ ಜೊತೆ, ಸುತ್ತಲಿನ ಒಂದೊಂದು ಪಾರ್ಕಿಗೆ ಹೋಗಲಿ. ಜೊತೆಯಲ್ಲಿ ಒಬ್ಬ ಅಜ್ಜಿಯೋ ತಾತನೋ ವೀಲ್‌ಚೇರಿನವರೋ ಇರಲೇಬೇಕು, ಏಕೆಂದರೆ ನಿಜವಾದ ಪರೀಕ್ಷಕರು ಅವರೇ. ಗೇಟು ಅಳೆಯಿರಿ, ಇಳಿಜಾರು ಅಳೆಯಿರಿ, ಬೆಂಚಿನಿಂದ ಬೆಂಚಿಗೆ ಎಷ್ಟು ಹೆಜ್ಜೆ ಎಣಿಸಿರಿ, ಶೌಚಾಲಯದ ಬಾಗಿಲಿಗೆ ಬೀಗ ಇದೆಯೇ ಬರೆಯಿರಿ. ಪಾರ್ಕು ತೆರೆದಿರುವ ಹೊತ್ತನ್ನೂ ಬರೆಯಿರಿ. ಮೊದಲು ನಡುಹಗಲು ಪಾರ್ಕುಗಳಿಗೆ ಬೀಗ ಬೀಳುತ್ತಿತ್ತು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂಬ ತೀರ್ಮಾನವಾಯಿತು. ನಿಧಾನವಾಗಿ ಹೊರಡುವವರಿಗೆ ಅದು ದೊಡ್ಡ ಅನುಕೂಲ, ಪಾಲನೆಯಾಗುತ್ತಿದೆಯೇ ನೋಡಿ. ಒಂದು ಪಾರ್ಕಿಗೆ ಒಂದು ಹಾಳೆ. ಆ ಹಾಳೆಗಳನ್ನೆಲ್ಲ ಸೇರಿಸಿ ನಕ್ಷೆಯ ಮೇಲೆ ಹಾಕುವ ಕಂಪ್ಯೂಟರ್ ಕೆಲಸ ನನ್ನದು, ನನ್ನ ಬ್ಯಾಚಿನ ಗೆಳೆಯರದ್ದು. ಒಂದು ಪ್ರತಿ ಪಾಲಿಕೆಯ ಕಚೇರಿಗೆ, ಒಂದು ಪ್ರತಿ ಶಾಲೆಯ ಸೂಚನಾ ಫಲಕಕ್ಕೆ. 'ಅಜ್ಜಿಯನ್ನು ಎಲ್ಲಿಗೆ ಕರೆದುಕೊಂಡು ಹೋಗಬಹುದು' ಎಂದು ಬಾಪೂಜಿ ನಗರದ ಯಾವ ಮನೆಯವರು ಕೇಳಿದರೂ ನಮ್ಮ ಶಾಲೆಯಲ್ಲಿ ಉತ್ತರ ಸಿಗುವಂತಾಗಲಿ.

ಗೇಟಿನ ಕಂಬಿ ಒಂದಡಿ ಸರಿಸುವುದಕ್ಕೆ ದೊಡ್ಡ ಯೋಜನೆ ಬೇಡ, ಒಬ್ಬ ವೆಲ್ಡರ್‌ನ ಅರ್ಧ ದಿನದ ಕೆಲಸ. ಹೊಳೆಯನ್ನು ಹೊಳೆ ಮಾಡುವುದಕ್ಕೆ ವರ್ಷಗಳು ಬೇಕು. ಎರಡನ್ನೂ ಕೇಳೋಣ. ಮೊದಲನೆಯದು ಈ ವರ್ಷವೇ ಆಗಲಿ. ಎರಡನೆಯದು ಆಗುವ ಹೊತ್ತಿಗೆ ಇಲ್ಲಿ ಕೂತಿರುವ ಮಕ್ಕಳಲ್ಲಿ ಕೆಲವರು ಎಂಜಿನಿಯರುಗಳಾಗಿ, ಪಾಲಿಕೆಯ ಅಧಿಕಾರಿಗಳಾಗಿ ಆ ನಕ್ಷೆಗೆ ಸಹಿ ಹಾಕುವ ಜಾಗದಲ್ಲಿರುತ್ತಾರೆ. ಸಹಿ ಹಾಕುವ ಮುನ್ನ ಗೇಟಿನ ಅಗಲ ಒಮ್ಮೆ ನೋಡಿ ಎಂದಷ್ಟೇ ನನ್ನ ವಿನಂತಿ.

ಅಳತೆ ಹಿಡಿಯುವುದನ್ನು, ಲೆಕ್ಕ ಒಪ್ಪಿಸುವುದನ್ನು, ಎದ್ದು ನಿಂತು ಪ್ರಶ್ನೆ ಕೇಳುವುದನ್ನು ನಮಗೆ ಕಲಿಸಿದ್ದು ಈ ಶಾಲೆ. ಐವತ್ತು ವರ್ಷ ಸಾವಿರಾರು ಮಕ್ಕಳಿಗೆ ಅದನ್ನು ಕಲಿಸಿದ ಎಲ್ಲ ಗುರುಗಳಿಗೂ ನಮಸ್ಕರಿಸಿ, ಅಳತೆಗೆ ಬರುವವರು ಸಭೆ ಮುಗಿದ ಮೇಲೆ ಬಾಗಿಲ ಬಳಿ ಹೆಸರು ಬರೆಸಿ ಎಂದು ಕೇಳಿಕೊಂಡು, ನನ್ನ ಮಾತು ಮುಗಿಸುತ್ತೇನೆ.